ಗುನುಗು ನಿಂತಾಗ

ಸೆರೊಂಗಾ
೯ ಮೇ ೧೯೯೬

ಒನಲೆನ್ನ ಕೂಸೇ,

ನಿನ್ನ ಕಾಗದ ನಿನ್ನೆ ರುವಾನ್ ಕೈಯಲ್ಲಿ ಬಂತು. ಮಾವುನ್ ಪಟ್ಟಣದಿಂದ ಪ್ರವಾಸಿಗಳನ್ನು ಹೊತ್ತು ತರುವ ಆ ದಕ್ಷಿಣ ಆಫ್ರಿಕಾದ ಬಿಳಿ ಹುಡುಗ, ಅವನೇ. ಅವನೂ ಈಗ ನನ್ನನ್ನು ಮಾವ ಅಂತಲೇ ಕರೆಯುವುದು. ಹೋದ ಜನ್ಮದಲ್ಲಿ ನಮ್ಮ ಕೇರಿಯವನೇ ಇರಬೇಕು.

ನಾನು ಕ್ಷೇಮ. ನಾನು ಕ್ಷೇಮವಾಗಿಲ್ಲದಿದ್ದರೆ ಈ ರನ್‌ವೇ ಮೇಲೆ ಒಂದು ವಿಮಾನವೂ ಇಳಿಯುತ್ತಿರಲಿಲ್ಲ ಎಂಬುದು ನಿನಗೆ ಗೊತ್ತೇ ಇದೆ. ಮೊನ್ನೆ ನಡು ರನ್‌ವೇಯಲ್ಲಿ ಒಂದು ಒಂಟಿ ಸಲಗ ನಿಂತುಬಿಟ್ಟಿತ್ತು. ಪಿಕಪ್ ತಂದು ಹಾರ್ನ್ ಒತ್ತಿದೆ, ಕದಲಲಿಲ್ಲ. ಇಳಿದು ಹತ್ತಿರ ಹೋಗಿ ಅದರ ಅಜ್ಜಿಯ ಬಗ್ಗೆ ಒಂದು ಮಾತು ಹೇಳಿದೆ. ತಲೆ ತಗ್ಗಿಸಿಕೊಂಡು ಹೊರಟುಹೋಯಿತು. ಅದು ಆನೆಯಲ್ಲ, ನೆರೆಮನೆಯ ಸೊಲೊಮೋನನ ಕತ್ತೆ ಎಂದು ನಿನ್ನ ಅವ್ವ ಹೇಳುತ್ತಾಳೆ. ನನ್ನ ತಂಗಿಯ ಕಣ್ಣು ಮಂಜಾಗಿದೆ, ನೀನು ಅದನ್ನು ನಂಬಬೇಡ.

ಈಗ ನಿನ್ನ ತಾಪತ್ರಯಕ್ಕೆ ಬರುತ್ತೇನೆ. ನೀನು ಬರೆದದ್ದನ್ನು ಅವ್ವನಿಗೆ ಓದಿ ಹೇಳಲಿಲ್ಲ, ನಾನೊಬ್ಬನೇ ಓದಿಕೊಂಡೆ. ನೆಲ ಬಿಟ್ಟು ಮೇಲೇರುತ್ತಿರುವಾಗ ನಿನ್ನ ಗುರು ಕ್ಯಾಪ್ಟನ್ ಮಗುನಿ ಹೇಳದೆ ಕೇಳದೆ ಇಂಜಿನ್ನಿನ ಉಸಿರು ಕಟ್ಟಿಬಿಡುತ್ತಾರೆ. ಆಗ ಮೂಗು ತಗ್ಗಿಸಿ, ಎದುರಿಗೆ ಹೊಲವೋ ಮುಳ್ಳುಪೊದೆಯೋ ಏನು ಸಿಕ್ಕಿತೋ ಅಲ್ಲಿಗೇ ಇಳಿಯಬೇಕು. ನಿನ್ನ ಕೈ ಮಾತ್ರ ಪ್ರತಿಸಲವೂ ವಿಮಾನವನ್ನು ಹಿಂದಕ್ಕೆ, ಬಿಟ್ಟುಬಂದ ರನ್‌ವೇ ಕಡೆಗೆ ತಿರುಗಿಸುತ್ತದೆ. ಅಷ್ಟು ತಗ್ಗಿನಲ್ಲಿ ತಿರುಗಿಸಿದರೆ ರೆಕ್ಕೆಗೆ ಗಾಳಿಯ ಹಿಡಿತ ತಪ್ಪಿ ವಿಮಾನ ಕಲ್ಲಿನ ಹಾಗೆ ಬೀಳುತ್ತದೆ. ಇದು ಸರಿಹೋಗುವ ತನಕ ಅವರು ನಿನ್ನನ್ನು ಒಬ್ಬಳೇ ಹಾರಲು ಬಿಡುವುದಿಲ್ಲ. ಆಗಸ್ಟ್ ಮುಗಿಯುವುದರೊಳಗೆ ನೀನು ಒಬ್ಬಳೇ ಹಾರದಿದ್ದರೆ ನಿನ್ನ ಕಲಿಕೆಗೆ ದುಡ್ಡು ಕೊಡುವ ಊರಿನ ಟ್ರಸ್ಟು ಕೈಬಿಡುತ್ತದೆ. ಇಷ್ಟೇ ತಾನೆ?

ತಪ್ಪು ನಿನ್ನ ಕೈಯದಲ್ಲ, ನಮ್ಮ ನದಿಯದು. ನಡೆಯಲು ಕಲಿಯುವ ಮೊದಲೇ ನಿನ್ನನ್ನು ದೋಣಿಯಲ್ಲಿ ಕೂರಿಸಿದವನು ನಾನು. ಜೊಂಡಿನೊಳಗೆ ದೋಣಿ ಹೊಕ್ಕಮೇಲೆ ಮುಂದೆ ದಾರಿ ಇದೆಯೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ಹಿಂದೆ ನಾವೇ ಬಿಡಿಸಿಕೊಂಡು ಬಂದ ನೀರು ಮಾತ್ರ ತೆರೆದಿರುತ್ತದೆ. ನೀರಾನೆ ಎದ್ದರೆ, ಮೊಸಳೆ ಕಂಡರೆ, ಕೋಲು ಮುರಿದರೆ ದೋಣಿ ತಿರುಗಿಸಿ ಬಂದ ದಾರಿಗೇ ಬೀಳಬೇಕು. ಇದು ನಿನಗೆ ಹಾಲಿನ ಜೊತೆಗೇ ಹೋಗಿದೆ. ರಾಜಧಾನಿ ಗಾಬೊರೊನೆಯ ಹುಡುಗರಿಗೆ ಮುಂದೆ ನೋಡುವುದು ಸುಲಭ. ಅವರು ಹುಟ್ಟಿದ್ದೇ ರಸ್ತೆಯ ಮೇಲೆ.

ಇಷ್ಟು ವರ್ಷದಿಂದ ನಮ್ಮ ತಲೆಯ ಮೇಲೆ ವಿಮಾನಗಳು ಹಾರುತ್ತಿವೆ. ಒಂದನ್ನಾದರೂ ನಮ್ಮವರು ಹಾರಿಸಿದ್ದುಂಟೆ? ನೀನೇ ಮೊದಲಿಗಳು. ಹಾಗಾಗಿ ಈ ಅವಕಾಶ ಕಳೆದುಕೊಳ್ಳುವ ಪ್ರಶ್ನೆಯೇ ಇಲ್ಲ. ನಾನೊಂದು ಉಪಾಯ ಹೇಳುತ್ತೇನೆ, ಪುಸ್ತಕದಲ್ಲಿ ಇರುವಂಥದ್ದಲ್ಲ. ಮೈಮೇಲೆ ಬೀಳುವ ಮೊದಲು ಸುಳಿವು ಕೊಡದ ಪ್ರಾಣಿಯನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ಆನೆ ಕಿವಿ ನಿಲ್ಲಿಸುತ್ತದೆ. ಕೋಣ ಮೂಗೆತ್ತುತ್ತದೆ. ಮೊಸಳೆ ಮುಖ ತೋರಿಸುವುದಿಲ್ಲ, ನಿಜ. ಆದರೆ ಅದು ಬರುವಾಗ ದಡದ ಕಪ್ಪೆಗಳು ಸುಮ್ಮನಾಗುತ್ತವೆ. ನಿನ್ನ ಕ್ಯಾಪ್ಟನ್ನೂ ಒಂದು ಪ್ರಾಣಿಯೇ. ಇಂಜಿನ್ ಕೊಲ್ಲುವ ಮೊದಲು ಏನೋ ಒಂದು ಮಾಡುತ್ತಾನೆ. ಮೂಗು ಒರೆಸಿಕೊಳ್ಳುತ್ತಾನೋ, ಮಂಡಿ ಅಲುಗಿಸುತ್ತಾನೋ ನೋಡು. ಅದನ್ನು ಹಿಡಿದೆಯೋ, ಅವನಿಗಿಂತ ಒಂದು ಉಸಿರು ಮೊದಲೇ ನೀನು ಸಿದ್ಧ.

ಒಬ್ಬಳೇ ಹಾರಿ, ಕೆಲಸಕ್ಕೆ ಸೇರಿದಮೇಲೆ ಮೊದಲ ಸಂಬಳದಲ್ಲಿ ನನಗೆ ಏನು ಬರಬೇಕೆಂದು ನೆನಪಿದೆಯಲ್ಲ? ಕೋಟು. ಸೋದರಮಾವನಿಗೆ ಕೋಟು ಕೊಡದೆ ಉಳಿದ ಸಂಬಳ ಮುಟ್ಟಿದರೆ ಬೆರಳು ಸೊಟ್ಟಗಾಗುತ್ತದೆ. ಪೈಲಟ್‌ಗಳ ಕೋಟಿನ ಹಾಗೆ ಹಿತ್ತಾಳೆ ಗುಂಡಿ ಇರಲಿ. ನೀನು ಕೊಡುತ್ತಿದ್ದಂತೆ ನಾನು ನದಿಯ ನೀರು ಬಾಯ್ತುಂಬ ತೆಗೆದುಕೊಂಡು ನಿನ್ನ ನೆತ್ತಿಯ ಮೇಲೆ ಉಗುಳಿ ಹರಸುತ್ತೇನೆ. ಗಾಬೊರೊನೆಯಲ್ಲಿ ಹೆಣೆಸಿಕೊಂಡ ಜಡೆ ಹಾಳಾದರೆ ನನ್ನನ್ನು ಕೇಳಬಾರದು.

ನಿನ್ನ ಮಾವ,
ದಿತಿರೊ ಮೊಟ್ಸುಮಿ
ಸೆರೊಂಗಾ ರನ್‌ವೇಯ ಒಡೆಯ, ಆನೆಗಳಿಗೆ ಬುದ್ಧಿ ಹೇಳುವವನು


ಗಾಬೊರೊನೆ
೩೦ ಮೇ ೧೯೯೬

ಪ್ರೀತಿಯ ಮಾವ,

ಅದು ಆನೆಯೋ ಕತ್ತೆಯೋ ಎಂದು ರುವಾನ್‌ನನ್ನು ಕೇಳಿ ಬರೆದಿದ್ದೆ. ಎರಡೂ ಅಲ್ಲ, ಎರಡು ಆಡು ಎಂದು ಉತ್ತರ ಬಂದಿದೆ.

ನಿನ್ನ ಉಪಾಯ ಓದಿ ಮೊದಲು ನಕ್ಕೆ. ಆಮೇಲೆ ನೋಡತೊಡಗಿದೆ. ಕ್ಯಾಪ್ಟನ್ ಮಗುನಿ ಮೂಗು ಒರೆಸಿಕೊಳ್ಳುವುದಿಲ್ಲ, ಮಂಡಿ ಅಲುಗಿಸುವುದಿಲ್ಲ. ಬುಲವಾಯೊ ಕಡೆಯ ವಯಸ್ಸಾದ ಮನುಷ್ಯ, ಕಂಬದ ಹಾಗೆ ಕೂರುತ್ತಾರೆ. ಆದರೆ ಮಾವ, ಅವರು ಗುನುಗುತ್ತಾರೆ. ಚರ್ಚಿನ ಒಂದೇ ಹಾಡು, ನಮ್ಮಲ್ಲಿ ಹೆಣ ಕಾಯುವಾಗ ಹೆಂಗಸರು ಹಾಡುತ್ತಾರಲ್ಲ, ಅಂಥದ್ದು. ಕಿವಿಗೆ ಹಾಕಿಕೊಂಡ ಯಂತ್ರದಲ್ಲಿ ಅದು ಸದಾ ಜೇನಿನ ಹಾಗೆ ಕೇಳುತ್ತಲೇ ಇರುತ್ತದೆ. ತಾವು ಗುನುಗುತ್ತಿರುವುದು ಅವರಿಗೇ ಗೊತ್ತಿಲ್ಲವೆಂದು ಕಾಣುತ್ತದೆ.

ಇಂಜಿನ್ನಿನ ಉಸಿರು ಕಟ್ಟುವ ಮೊದಲು ಅದು ನಿಲ್ಲುತ್ತದೆ.

ಕಪ್ಪೆಗಳ ಹಾಗೆಯೇ. ಸೋಮವಾರ ಗುನುಗು ನಿಂತಿತು. ಅವರ ಕೈ ಚಲಿಸುವ ಮೊದಲೇ ನನ್ನ ಕಣ್ಣು ಎದುರಿನ ಹೊಲದ ಮೇಲಿತ್ತು. ಇಂಜಿನ್ ಸತ್ತಿತು. ಮೂಗು ತಗ್ಗಿಸಿದೆ, ನೇರ ಹೋದೆ. ಹೊಲ ಹತ್ತಿರವಾದಾಗ ಅವರೇ ಇಂಜಿನ್ನಿಗೆ ಉಸಿರು ಕೊಟ್ಟು ಮೇಲೆತ್ತಿದರು. ಆಮೇಲೆ, "ಇವತ್ತು ನಿನ್ನ ನೋಡಿದ್ರೆ ಬೇರೆ ಹುಡುಗಿ ಅನ್ನಿಸ್ತು" ಅಂದರು.

ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಸಂತೋಷಕ್ಕೇ ಇರಬೇಕು.

ಅವ್ವನ ಮಂಡಿನೋವು ಹೇಗಿದೆ? ನೀನು ಅದೊಂದನ್ನು ಮಾತ್ರ ಯಾವತ್ತೂ ಬರೆಯುವುದಿಲ್ಲ.

ನಿನ್ನ
ಒನಲೆನ್ನ


ಸೆರೊಂಗಾ
೧೮ ಜೂನ್ ೧೯೯೬

ಒನಲೆನ್ನ ಕೂಸೇ,

ನಾನು ಹೇಳಿರಲಿಲ್ಲವೆ?

ಆ ರುವಾನ್‌ಗೆ ಕಣ್ಣು ತೋರಿಸಿಕೊಳ್ಳಲು ಹೇಳಿದ್ದೇನೆ. ಆಡೂ ಆನೆಯೂ ಗೊತ್ತಾಗದವನು ವಿಮಾನ ಹೇಗೆ ಹಾರಿಸುತ್ತಾನೋ.

ಶನಿವಾರ ಖೋಟ್ಲಾ ಕಟ್ಟೆಯಲ್ಲಿ ಊರ ಸಭೆ ಇತ್ತು. ಮೀನು ಬಲೆಯ ಜಗಳ ಎಂದಿನಂತೆ ಎಲ್ಲೂ ಹೋಗದೆ ನಿಂತಾಗ ನಾನೆದ್ದು ಮುಖ್ಯಸ್ಥರಿಗೆ ನಮಸ್ಕರಿಸಿ, ನಮ್ಮ ಒನಲೆನ್ನ ಇಂಜಿನ್ ಇಲ್ಲದೆಯೂ ವಿಮಾನ ಹಾರಿಸುತ್ತಾಳೆ ಎಂದು ತಿಳಿಸಿದೆ. ಸೊಲೊಮೋನ, "ಹಂಗಾದ್ರೆ ಇಂಜಿನ್ ಯಾಕಪ್ಪಾ ಇಟ್ಟಿರ್ತಾರೆ" ಅಂದ. ನಿನ್ನಂಥವರು ಕುಳಿತಾಗ ಎಳೆಯಲಿಕ್ಕೆ ಅಂದೆ. ಮುಖ್ಯಸ್ಥರೇ ನಕ್ಕರು. ಉಪಾಯದ ಗುಟ್ಟು ಮಾತ್ರ ಬಿಡಲಿಲ್ಲ. ಅದು ನಮ್ಮಿಬ್ಬರ ನಡುವೆಯೇ ಇರಲಿ. ಎಲ್ಲರಿಗೂ ಹೇಳಿದರೆ ನಾಳೆ ಎಲ್ಲರ ಮಕ್ಕಳೂ ಪೈಲಟ್‌ಗಳೇ.

ನೀನು ಒಬ್ಬಳೇ ಹಾರಿದ ಸುದ್ದಿ ಬಂದ ದಿನ ಕೊಯ್ಯುವುದಕ್ಕೆ ಒಂದು ಹೋತವನ್ನು ಗುರುತು ಮಾಡಿ ಕಟ್ಟಿದ್ದೇನೆ, ಕಪ್ಪು ಮೈ, ಬಿಳಿ ಕಿವಿ. ನಿನ್ನ ಅವ್ವ ಈಗಾಗಲೇ ಅದಕ್ಕೆ ಮೇವು ಹೆಚ್ಚು ಮಾಡಿದ್ದಾಳೆ. ಮಂಡಿನೋವಿರುವವಳು ಹೋತಕ್ಕೆ ಸೊಪ್ಪು ತರಲು ಅಷ್ಟು ದೂರ ಹೋಗುತ್ತಾಳೆಯೆ? ನೀನೇ ಯೋಚಿಸು. ಅವಳು ಚೆನ್ನಾಗಿದ್ದಾಳೆ. ವಿಮಾನ ಬಂದಾಗಲೆಲ್ಲ ಹೊರಗೆ ಬಂದು ಹಣೆಗೆ ಕೈ ಹಿಡಿದು ನೋಡುತ್ತಾಳೆ. "ಇದನ್ನ ಇಳಿಸ್ತಿರೋನು ನಮ್ಮ ಹುಡುಗಿಯಷ್ಟು ನಯವಾಗಿ ಇಳಿಸ್ತಿಲ್ಲ ಬಿಡು" ಅನ್ನುತ್ತಾಳೆ. ನೀನು ಇಳಿಸಿದ್ದನ್ನು ಎಲ್ಲಿ ನೋಡಿದೆ ಎಂದು ಕೇಳಿದರೆ, ನೋಡಬೇಕಾಗಿಲ್ಲ ಅನ್ನುತ್ತಾಳೆ. ಬಡಾಯಿ ನಮ್ಮ ವಂಶದಲ್ಲಿ ನನಗೊಬ್ಬನಿಗೇ ಬಂದದ್ದಲ್ಲ.

ನಿದ್ದೆ ಬರದಿದ್ದರೆ ಮಲಗುವ ಮೊದಲು ಜೋಳದ ಗಂಜಿ ಕುಡಿ. ಸಂತೋಷಕ್ಕೆ ಅದೇ ಮದ್ದು.

ನಿನ್ನ ಮಾವ,
ದಿತಿರೊ ಮೊಟ್ಸುಮಿ
ಸೆರೊಂಗಾ ರನ್‌ವೇಯ ಒಡೆಯ, ಕ್ಯಾಪ್ಟನ್‌ಗಳ ಗುಟ್ಟು ಬಲ್ಲವನು


ಗಾಬೊರೊನೆ
೨೯ ಜುಲೈ ೧೯೯೬

ಪ್ರೀತಿಯ ಮಾವ,

ಹೋತವನ್ನು ಇನ್ನೂ ದಪ್ಪ ಮಾಡಿಸು. ಆಗಸ್ಟ್ ಇಪ್ಪತ್ತೆರಡು, ಗುರುವಾರ ಬೆಳಿಗ್ಗೆ ನನ್ನನ್ನು ಒಬ್ಬಳೇ ಬಿಡುತ್ತಾರೆ.

ಕ್ಯಾಪ್ಟನ್ ಹೋದ ವಾರ ತರಗತಿಯಲ್ಲಿ ಎಲ್ಲರ ಎದುರಿಗೆ ನನ್ನ ಹೆಸರು ಹೇಳಿದರು. ಇಂಜಿನ್ ನಿಂತಾಗ ಏನು ಮಾಡಬೇಕೆಂದು ಬಾಯಲ್ಲಿ ಹೇಳುವವರು ಬಹಳ, ಇವಳ ಕೈಗೇ ಅದು ಬಂದಿದೆ ಅಂದರು. ನಾನು ಮೇಜು ನೋಡುತ್ತ ಕುಳಿತಿದ್ದೆ. ನಾಚಿಕೆ ಎಂದುಕೊಂಡರು.

ಒಂದು ತಮಾಷೆ ಆಯಿತು. ಮೊನ್ನೆ ಮೇಲೇರುತ್ತಿರುವಾಗ ಗುನುಗು ನಿಂತಿತು. ನಾನು ತಟ್ಟನೆ ಮೂಗು ತಗ್ಗಿಸಿಬಿಟ್ಟೆ. ಇಂಜಿನ್ ಚೆನ್ನಾಗಿಯೇ ಓಡುತ್ತಿತ್ತು. ಅವರಿಗೆ ಕೆಮ್ಮು ಬಂದಿತ್ತು, ಅಷ್ಟೇ. ಏನಾಯಿತು ಅಂದರು. ಹಕ್ಕಿ ಕಂಡ ಹಾಗಾಯಿತು ಅಂದೆ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

ನಿನಗೆ ಇದು ನಗು ತರಿಸುತ್ತದೆ ಎಂದು ಬರೆದೆ.

ಒಬ್ಬಳೇ ಹೋಗುವಾಗ ಪಕ್ಕದಲ್ಲಿ ಅವರ ತೂಕ ಇರುವುದಿಲ್ಲ, ವಿಮಾನ ಬೇಗ ಮೇಲೇಳುತ್ತದೆಯಂತೆ. ಸದ್ದೂ ಬೇರೆ ಥರ ಇರುತ್ತದೆಯಂತೆ. ಹಾಡಿಲ್ಲದೆ ಹೇಗಿರುತ್ತದೋ.

ನಿನ್ನ
ಒನಲೆನ್ನ


ಮಾವುನ್
೧೭ ಆಗಸ್ಟ್ ೧೯೯೬

ಮಾನ್ಯ ಕ್ಯಾಪ್ಟನ್ ಮಗುನಿ ಅವರಿಗೆ,

ಹಿರಿಯರಿಗೆ ಬರೆಯುವಾಗ ಮೊದಲು ಮಳೆ, ದನಕರು, ಹೆಂಡತಿ ಮಕ್ಕಳ ಕ್ಷೇಮ ಕೇಳಬೇಕು. ಕೇಳಿದ್ದೇನೆ ಎಂದೇ ತಿಳಿಯಿರಿ. ಗಾಬೊರೊನೆಗೆ ಹೊರಟ ವಿಮಾನ ನನ್ನ ಕಾಗದಕ್ಕಾಗಿ ಕಾಯುತ್ತಿದೆ.

ನಾನು ದಿತಿರೊ ಮೊಟ್ಸುಮಿ, ಒನಲೆನ್ನಳ ಸೋದರಮಾವ. ಸೆರೊಂಗಾದ ರನ್‌ವೇ ಮೇಲಿನ ದನ, ಕತ್ತೆ, ಆಡು ಓಡಿಸುವವನು. ಆನೆಯನ್ನೂ ಓಡಿಸಿದ್ದೇನೆ, ಅದು ಈಗ ಮುಖ್ಯವಲ್ಲ.

ನೀವು ವಿಮಾನದಲ್ಲಿ ಗುನುಗುತ್ತೀರಿ. ನಿಮಗೆ ಅದು ಗೊತ್ತಿಲ್ಲದಿರಬಹುದು. ಇಂಜಿನ್ನಿನ ಉಸಿರು ಕಟ್ಟುವ ಮೊದಲು ನಿಲ್ಲಿಸುತ್ತೀರಿ. ಸುಳಿವು ಹುಡುಕು ಎಂದು ಅವಳಿಗೆ ಹೇಳಿಕೊಟ್ಟವನು ನಾನು. ಹುಡುಕಿದಳು. ಅವಳ ಕೈಗೆ ಬಂದಿದೆ ಎಂದು ನೀವು ಹೊಗಳಿದ್ದು ಕೈಗೆ ಬಂದದ್ದಲ್ಲ, ಕಿವಿಗೆ ಬಂದದ್ದು.

ಇದು ಎಂಥ ಕೆಲಸ ಎಂದು ನನಗೆ ನಿನ್ನೆಯವರೆಗೆ ತಿಳಿದಿರಲಿಲ್ಲ. ರನ್‌ವೇ ಪಕ್ಕದ ಮರದ ಕೆಳಗೆ ಟೀ ಕುಡಿಯುತ್ತ ಪೈಲಟ್ ರುವಾನ್‌ಗೆ ನನ್ನ ಜಾಣತನ ಹೇಳಿಕೊಂಡೆ. ಗುಟ್ಟು ಬಿಡಬಾರದೆಂದು ಅವಳಿಗೆ ಬರೆದವನು ನಾನೇ, ಆದರೆ ಹೊಗಳಿಸಿಕೊಳ್ಳುವ ಆಸೆ ನನಗೆ ಯಾವತ್ತೂ ಗುಟ್ಟಿಗಿಂತ ದೊಡ್ಡದು. ಅವನು ನಗಲಿಲ್ಲ. ಲೋಟದಲ್ಲಿ ಉಳಿದ ಟೀಯನ್ನು ನೆಲಕ್ಕೆ ಚೆಲ್ಲಿ, "ಮಾವ, ಇವತ್ತು ನನ್ನ ಜೊತೆ ಮಾವುನ್‌ಗೆ ಬಾ" ಅಂದ.

ಕ್ಯಾಪ್ಟನ್, ಊರಿನವರಿಗೆ ನಾನು ಹತ್ತಾರು ಸಲ ಹಾರಿದ್ದೇನೆಂದು ಹೇಳಿಕೊಂಡು ಬಂದಿದ್ದೇನೆ. ನಿನ್ನೆ ಹಾರಿದ್ದೇ ಮೊದಲು. ಕೆಳಗೆ ನದಿ ಬಿಚ್ಚಿದ ಜಡೆಯ ಹಾಗೆ ಹರಡಿತ್ತು. ಬಹಳ ಮೇಲೆ ಹೋದೆವು. ಅವನು ತನ್ನ ಊರಿನ ದ್ರಾಕ್ಷಿ ತೋಟದ ವಿಷಯ ಹೇಳುತ್ತಿದ್ದ. ಅಜ್ಜ ನೆಟ್ಟ ಬಳ್ಳಿಯಂತೆ, ಅದಕ್ಕೆ ಗೊಬ್ಬರ ಹಾಕುವುದು ಹೇಗೆ ಎಂದು ಹೇಳುತ್ತಿದ್ದಂತೆಯೇ ಇಂಜಿನ್ನಿನ ಉಸಿರು ಕಟ್ಟಿಬಿಟ್ಟ. ಅವನ ಮಾತು ನಿಲ್ಲಲಿಲ್ಲ. ಮುಖ ಬದಲಾಗಲಿಲ್ಲ. ಸದ್ದು ಮಾತ್ರ ಹೋಯಿತು.

ನನ್ನ ಕುತ್ತಿಗೆ ತಾನಾಗಿಯೇ ಹಿಂದಕ್ಕೆ ತಿರುಗಿತು. "ತಿರುಗ್ಸೋ, ತಿರುಗ್ಸೋ" ಅನ್ನುತ್ತಿದ್ದೆನಂತೆ. ನನಗೆ ನೆನಪಿಲ್ಲ. ಸೆರೊಂಗಾ ಆಗಲೇ ಎಲ್ಲೋ ಮಂಜಿನಲ್ಲಿ ಮುಳುಗಿತ್ತು, ಆದರೂ ನಾನು ಅದನ್ನೇ ನೋಡುತ್ತಿದ್ದೆ. ಎದುರಿಗೆ ಏನಿತ್ತೆಂದು ಈಗ ಕೇಳಿದರೂ ಹೇಳಲಾರೆ. ಅವನು ಇಂಜಿನ್ನನ್ನು ಮತ್ತೆ ಎಬ್ಬಿಸಿ ಒಂದೇ ಮಾತು ಹೇಳಿದ. "ಸಾಯೋ ಇಂಜಿನ್ ಗುನುಗು ನಿಲ್ಸಿ ಹೇಳಿ ಸಾಯಲ್ಲ ಮಾವ."

ಅವಳದು ನನ್ನದೇ ಕುತ್ತಿಗೆ, ಕ್ಯಾಪ್ಟನ್. ನಾನೇ ಬೆಳೆಸಿದ್ದು.

ಗುರುವಾರ ಅವಳನ್ನು ಒಬ್ಬಳೇ ಬಿಡುತ್ತೀರಂತೆ. ಬಿಡಬೇಡಿ ಎಂದು ಹೇಳುವ ಯೋಗ್ಯತೆ ನನಗಿಲ್ಲ. ಊರೆಲ್ಲ ಆ ಸುದ್ದಿಗೆ ಕಾಯುತ್ತಿದೆ, ಕಾಯುವಂತೆ ಮಾಡಿದವನೂ ನಾನೇ. ಗೊತ್ತಿರುವುದನ್ನು ಹೇಳಿದ್ದೇನೆ. ಮುಂದಿನದು ನಿಮಗೆ ಬಿಟ್ಟದ್ದು. ಬೈಯುವುದಿದ್ದರೆ ನನ್ನನ್ನು ಬೈಯಿರಿ.

ವಿಧೇಯ,
ದಿತಿರೊ ಮೊಟ್ಸುಮಿ


ಗಾಬೊರೊನೆ
೨೧ ಆಗಸ್ಟ್ ೧೯೯೬

ಮಾವ,

ನಿನ್ನೆ ಬೆಳಿಗ್ಗೆ ಕ್ಯಾಪ್ಟನ್ ಮತ್ತು ನಾನು ಹಾರಿದೆವು. ಒಬ್ಬಳೇ ಹೋಗುವ ಮೊದಲಿನ ಕೊನೆಯ ಹಾರಾಟ ಎಂದಿದ್ದರು.

ಎಂದಿನಂತೆ ಗುನುಗುತ್ತಿದ್ದರು. ರನ್‌ವೇ ಮುಗಿಯಿತು. ರೈಲುಹಳಿ ದಾಟಿದೆವು. ಗುನುಗುತ್ತಲೇ ಇದ್ದರು. ಇಂಜಿನ್ ಸತ್ತಿತು. ಅವರು ಗುನುಗುತ್ತಲೇ ಇದ್ದರು.

ನಾನು ತಿರುಗಿಸಿದೆ.

ಎದುರಿಗೆ ಹೊಲವಿತ್ತು. ಆಮೇಲೆ ನೋಡಿದೆ. ಅಗಲವಾದ, ಕೊಯ್ಲಾದ ಹೊಲ. ಅವರು ನನ್ನ ಕೈಯಿಂದ ವಿಮಾನ ತೆಗೆದುಕೊಂಡು ಇಳಿಸಿದರು. ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು.

ಗುನುಗಿನ ವಿಷಯ ಗೊತ್ತಿದ್ದವರು ಇಬ್ಬರೇ. ನಾನು ಯಾರಿಗೂ ಹೇಳಿರಲಿಲ್ಲ.

ಮೊದಲು ನನಗೆ ಹೇಳಬಹುದಿತ್ತು. ನೀವು ಹೇಳಿದ್ದರೆ ನಾನೇ ಅವರ ಹತ್ತಿರ ಹೋಗುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ಈಗ ಅದು ಯಾವತ್ತೂ ಗೊತ್ತಾಗುವುದಿಲ್ಲ. ನೀವು ಸುಮ್ಮನಿದ್ದಿದ್ದರೆ ನಾಳೆ ನಾನು ಹಾರುತ್ತಿದ್ದೆ. ಇಂಜಿನ್ ನಿಲ್ಲುತ್ತಿರಲಿಲ್ಲ. ಎಲ್ಲರ ಇಂಜಿನ್ನೂ ನಿಲ್ಲುವುದಿಲ್ಲ.

ಮತ್ತೆ ಮೊದಲಿನಿಂದ ಕಲಿಸಲು ಕ್ಯಾಪ್ಟನ್ ತಯಾರಿದ್ದಾರೆ. ಟ್ರಸ್ಟಿನವರು ತಯಾರಿಲ್ಲ.

ಅವ್ವನಿಗೆ ನೀವೇ ಹೇಳಿ. ಹೇಳುವುದರಲ್ಲಿ ನೀವು ಮುಂದು.

ಒನಲೆನ್ನ


ಸೆರೊಂಗಾ
೬ ಸೆಪ್ಟೆಂಬರ್ ೧೯೯೬

ಒನಲೆನ್ನ ಕೂಸೇ,

ನೀವು ಎಂದು ಬರೆದಿದ್ದೀಯ. ಹುಟ್ಟಿದಾಗಿನಿಂದ ನನಗೆ ನೀನು ನೀವು ಅಂದವಳಲ್ಲ. ಸರ್ಕಾರಿ ಕಚೇರಿಗೆ ಬರೆದ ಅರ್ಜಿಯನ್ನು ಯಾರೋ ತಪ್ಪಾಗಿ ನನ್ನ ಕೈಗೆ ಕೊಟ್ಟ ಹಾಗಿತ್ತು.

ನಿನಗೆ ಮೊದಲು ಏಕೆ ಹೇಳಲಿಲ್ಲ ಎಂದರೆ, ಹೇಳಿದ್ದರೂ ನೀನು ಹಾರುತ್ತಿದ್ದೆ. ಹೆದರಿಕೆ ಇಟ್ಟುಕೊಂಡೇ ಹಾರುತ್ತಿದ್ದೆ, ಹೋತ ಕಟ್ಟಿದ ಮಾವನ ಮಾನ ಉಳಿಸಲಿಕ್ಕೆ. ಇದು ನನ್ನ ಊಹೆ. ತಪ್ಪಿರಬಹುದು. ನಿನ್ನ ವಿಷಯದಲ್ಲಿ ನನ್ನ ಊಹೆ ತಪ್ಪಿದ್ದಿಲ್ಲ ಎಂದು ಬರೆಯಲು ಹೊರಟಿದ್ದೆ, ಕೈ ತಡೆಯಿತು.

ಇಂಜಿನ್ ನಿಲ್ಲುತ್ತಿರಲಿಲ್ಲ ಎಂದಿದ್ದೀಯ. ನಿಜವೇ ಇರಬಹುದು. ಆ ಗುರುವಾರ ನಾನು ಬೆಳಿಗ್ಗೆಯೇ ರನ್‌ವೇಗೆ ಹೋಗಿ ಕುಳಿತೆ. ನೀನು ಹಾರುವುದಿಲ್ಲವೆಂಬ ಸುದ್ದಿ ಇನ್ನೂ ಬಂದಿರಲಿಲ್ಲ. ಕಾಗದ ತಲುಪಿತೋ ಇಲ್ಲವೋ ಗೊತ್ತಿರಲಿಲ್ಲ. ಕತ್ತೆಗಳು ಬಂದು ರನ್‌ವೇ ಮೇಲೆ ಮಲಗಿದವು, ಓಡಿಸಲಿಲ್ಲ. ಮಾವುನ್‌ನ ವಿಮಾನ ಮೇಲೆ ಸುತ್ತು ಹೊಡೆದು ಹೊಡೆದು ಸಾಕಾಗಿ ರೇಡಿಯೊದಲ್ಲಿ ನನ್ನನ್ನು ಬೈದಿತಂತೆ.

ಅವ್ವನಿಗೆ ಹೇಳಿದೆ. ಮುಚ್ಚುಮರೆ ಇಲ್ಲದೆ, ಉಪಾಯ ನನ್ನದೆಂದೇ ಹೇಳಿದೆ. ಅವಳು ಜರಡಿ ಹಿಡಿಯುತ್ತಿದ್ದ ಜೋಳವನ್ನು ಜರಡಿ ಹಿಡಿದು ಮುಗಿಸಿದಳು. ಆಮೇಲೆ, "ಹೋತಕ್ಕೆ ನೀರಿಟ್ಟಿದ್ದೀಯಾ" ಅಂದಳು. ಆ ದಿನದಿಂದ ನನಗೆ ಊಟ ಹೊರಗೆ ಇಡುತ್ತಾಳೆ.

ಊರಿಗೆ ಏನು ಹೇಳಲಿ ಎಂದು ತಿಳಿಯದೆ ಸುಮ್ಮನಿದ್ದೇನೆ. ನಾನು ಸುಮ್ಮನಿರುವುದನ್ನು ನೋಡಿಯೇ ಅವರಿಗೆ ಗೊತ್ತಾಗಿದೆ. ಸೊಲೊಮೋನ ಕೂಡ ಏನೂ ಕೇಳುತ್ತಿಲ್ಲ. ಅವನು ಹಂಗಿಸಿದ್ದರೆ ಎಷ್ಟೋ ವಾಸಿಯಿತ್ತು.

ಮನೆಗೆ ಬಾ. ಬರದಿದ್ದರೆ ಒಂದು ಸಾಲು ಬರೆ. ಬೈದು ಬರೆದರೂ ಸರಿ. ನೀನು ಎಂದು ಬೈದರೆ ಸಾಕು.

ನಿನ್ನ ಮಾವ,
ದಿತಿರೊ ಮೊಟ್ಸುಮಿ


ಸೆರೊಂಗಾ
೨೪ ಅಕ್ಟೋಬರ್ ೧೯೯೬

ಒನಲೆನ್ನ,

ಇದು ನಾಲ್ಕನೆಯ ಕಾಗದವೋ ಐದನೆಯದೋ. ನಿನ್ನ ವಿಮಾನ ಶಾಲೆಯ ವಿಳಾಸಕ್ಕೆ ಕಳಿಸಿದವೆಲ್ಲ ಮೊನ್ನೆ ಒಂದೇ ಕಟ್ಟಾಗಿ ವಾಪಸು ಬಂದವು. ನೀನು ಅಲ್ಲಿಲ್ಲ, ಗಾಬೊರೊನೆಯ ಬಸ್ ನಿಲ್ದಾಣದ ಎದುರು ಗಂಡಸರ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದೀಯ ಎಂದು ರುವಾನ್ ಹೇಳಿದ. ಅವನು ಅಲ್ಲಿಗೆ ಹೋಗಿದ್ದಾಗ ಹುಡುಕಿಕೊಂಡು ಬಂದನಂತೆ. ಸೊರಗಿದ್ದಾಳಾ ಅಂದೆ. ಗಿರಾಕಿಗಳು ಬಹಳ ಇದ್ದರು, ಸರಿಯಾಗಿ ನೋಡಲಾಗಲಿಲ್ಲ ಅಂದ. ಸುಳ್ಳು ಹೇಳಲು ಬರದ ಹುಡುಗ. ಅವನೂ ಮುಂದಿನ ತಿಂಗಳು ತನ್ನ ಊರಿಗೆ, ಯಾವುದೋ ದೊಡ್ಡ ವಿಮಾನಕ್ಕೆ ಹೋಗುತ್ತಿದ್ದಾನೆ. ಅವನ ಜಾಗಕ್ಕೆ ಇನ್ನೊಬ್ಬ ಬಿಳಿ ಹುಡುಗ ಬರುತ್ತಾನಂತೆ.

ಟ್ರಸ್ಟಿನವರು ನಿನ್ನ ಜಾಗದಲ್ಲಿ ಸೊಲೊಮೋನನ ಅಳಿಯನನ್ನು ಹೋಟೆಲ್ ಅಡುಗೆ ಕಲಿಯಲು ಕಳಿಸಿದರು. ವಿಮಾನದ ಕೆಲಸ ನಮ್ಮವರಿಗೆ ಆಗಿಬರುವುದಿಲ್ಲ ಎಂದು ಸಭೆಯಲ್ಲಿ ಯಾರೋ ಅಂದರು. ಎದ್ದು ನಿಂತೆ. ಎಲ್ಲರೂ ನನ್ನ ಕಡೆ ನೋಡಿದರು. ಹಾಗೆಯೇ ಕುಳಿತುಬಿಟ್ಟೆ. ನನ್ನ ಆಯುಷ್ಯದಲ್ಲಿ ಅದೇ ಮೊದಲು.

ಅವ್ವನ ಮಂಡಿ ಬಹಳ ನೋಯುತ್ತಿದೆ. ಇದನ್ನು ಯಾವತ್ತೂ ಬರೆಯುವುದಿಲ್ಲ ಎಂದು ನೀನು ದೂರಿದ್ದೆ. ಈಗ ಬರೆದಿದ್ದೇನೆ. ವಿಮಾನ ಬಂದರೂ ಅವಳು ಹೊರಗೆ ಬರುವುದಿಲ್ಲ.

ಈ ಕಾಗದ ಅಂಗಡಿಯ ವಿಳಾಸಕ್ಕೆ.

ಮಾವ


ಸೆರೊಂಗಾ
೧೧ ಡಿಸೆಂಬರ್ ೧೯೯೬

ಒನಲೆನ್ನ,

ಹೊಸ ಪೈಲಟ್ ನಿನ್ನೆ ಒಂದು ಗಂಟು ಇಳಿಸಿಹೋದ. ಅವನಿಗೆ ನನ್ನ ಹೆಸರು ಗೊತ್ತಿಲ್ಲ. "ಕತ್ತೆ ಓಡಿಸುವವರು ನೀವೇನಾ" ಎಂದು ಕೇಳಿ ಕೊಟ್ಟ. ನಾನೇ ಅಂದೆ.

ಕಂದು ಬಣ್ಣದ ಕೋಟು. ಹಿತ್ತಾಳೆಯ ಗುಂಡಿಗಳು. ಕಾಗದದಲ್ಲಿ ನಾನು ಕೇಳಿದ್ದು ಯಾವುದನ್ನೂ ನೀನು ಮರೆತಿಲ್ಲ.

ಎಲ್ಲ ಜೇಬುಗಳಲ್ಲೂ ಕೈ ಹಾಕಿದೆ. ಒಳಜೇಬಿನಲ್ಲಿ ಹೊಲಿಗೆಯ ದಾರದ ತುಂಡು ಸಿಕ್ಕಿತು. ಸುತ್ತಿದ್ದ ಪೇಪರನ್ನೂ ಬಿಡಿಸಿ ಎರಡೂ ಕಡೆ ನೋಡಿದೆ, ಹಳೆಯ ಸುದ್ದಿ. ಅವ್ವ ಒಳಪದರದ ಬಟ್ಟೆಯನ್ನೆಲ್ಲ ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದಳು. ಚೀಟಿ ಇಲ್ಲ.

ಅಳತೆ ಸರಿಯಾಗಿದೆ. ಭುಜದಲ್ಲಿ ಎಳೆಯುವುದಿಲ್ಲ, ತೋಳು ಮಣಿಕಟ್ಟಿಗೆ ನಿಲ್ಲುತ್ತದೆ. ನನ್ನ ಅಳತೆ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಕಣ್ಣಲ್ಲೇ ತೆಗೆದದ್ದು. ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡೂ ಒಂದು ಸಾಲು ಬರೆದಿಲ್ಲ ಎಂದರೆ ನನಗೆ ಅರ್ಥವಾಗುತ್ತದೆ. ಮೊದಲ ಸಂಬಳದ ಕೋಟು ಸಂದಿತು. ಸೊಸೆ ಮಾವನಿಗೆ ಇನ್ನು ಏನೂ ಕೊಡಬೇಕಾಗಿಲ್ಲ.

ಹೋತವನ್ನು ಬಿಚ್ಚಿಬಿಟ್ಟೆ. ಎಲ್ಲಿಗೂ ಹೋಗದೆ ಗೂಟದ ಹತ್ತಿರವೇ ನಿಂತಿದೆ.

ಮಳೆ ಶುರುವಾಗಿದೆ, ಸೆಕೆ ಹೇಳತೀರದು. ಆದರೂ ಇವತ್ತು ಬೆಳಿಗ್ಗೆ ಕೋಟು ಹಾಕಿಕೊಂಡು ರನ್‌ವೇಗೆ ಹೋದೆ. ಕಪ್ಪೆಗಳು ಕೂಗುತ್ತಿದ್ದವು. ವಿಮಾನದ ಸದ್ದು ದೂರದಲ್ಲಿ ಕೇಳಿದಾಗ ನದಿಗೆ ಇಳಿದು ಬಾಯ್ತುಂಬ ನೀರು ತೆಗೆದುಕೊಂಡೆ, ಹರಸುವುದಕ್ಕೆ. ವಿಮಾನ ಇಳಿಯಿತು. ಬಾಗಿಲು ತೆರೆಯಿತು. ಪ್ರವಾಸಿಗಳು ಇಳಿದರು, ಆ ಹುಡುಗ ಇಳಿದ, ಎರಡು ಪೆಟ್ಟಿಗೆ ಇಳಿಸಿದರು. ಬಾಗಿಲು ಮುಚ್ಚಿದರು. ನೀರು ಇನ್ನೂ ನನ್ನ ಬಾಯಲ್ಲೇ ಇತ್ತು. ಹರಸಲೆಂದು ತೆಗೆದುಕೊಂಡ ನೀರನ್ನು ನೆಲಕ್ಕೆ ಉಗುಳುವ ಹಾಗಿಲ್ಲ.

ನುಂಗಿಬಿಟ್ಟೆ.

ದಿತಿರೊ